ನಮ್ಮ ಸೀಮೆಯ ಚಳಿಗಾಲ

ಕಳೆದ ತಿಂಗಳು ಹಳೆಯ ಟ್ರಂಕೊಂದನ್ನು ಒಪ್ಪ ಮಾಡುತ್ತಿದ್ದಾಗ ನಮ್ಮ ತಂದೆಯವರ ಖರ್ಚಿನ ಪುಸ್ತಕವೊಂದು ಕೈಗೆ ಸಿಕ್ಕಿತು. 1956ನೆಯ ಇಸವಿಯ ಡಿಸೆಂಬರ್ ತಿಂಗಳ ಪುಟದಲ್ಲಿ ಉಪ್ಪು, ಸೀಮೆಎಣ್ಣೆ, ಎತ್ತಿನ ಲಾಳ, ತುಮಕೂರಿಗೆ ರೈಲು ಚಾರ್ಜು ಎಂಬ ಬಾಬುಗಳ ನಡುವೆ 'ಕಂಬಳಿ - 1' ಎಂದು ಬರೆದಿತ್ತು. ಯಾರಿಗೆ, ಯಾತಕ್ಕೆ ಎಂಬ ವಿವರವಿಲ್ಲ. ಓದಿದವರಿಗೆ ಚಳಿಗಾಲವಾದ್ದರಿಂದ ಕಂಬಳಿ ಕೊಂಡಿದ್ದಾರೆ ಎಂದು ತೋರೀತು. ಆ ಕಂಬಳಿಯ ಕಾರಣ ಬಲ್ಲವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ. ಅದನ್ನು ಮುಂದೆ ಹೇಳುತ್ತೇನೆ.

ಅಮೆರಿಕದಲ್ಲಿರುವ ನನ್ನ ತಂಗಿಯ ಮೊಮ್ಮಗಳು, ಹಿಮದಲ್ಲಿ ಗೊಂಬೆ ಮಾಡಿ ನಿಲ್ಲಿಸಿದ ಚಿತ್ರವನ್ನು ಕಳುಹಿಸಿ, 'ತಾತ, ನಿಮ್ಮೂರಿನಲ್ಲಿ ಹಿಮವೇ ಬೀಳುವುದಿಲ್ಲವಲ್ಲ, ಚಳಿಗಾಲದಲ್ಲಿ ನೀವೆಲ್ಲ ಏನು ಆಡುತ್ತಿದ್ದಿರಿ?' ಎಂದು ಕೇಳಿದ್ದಳು. ಮಗುವಿನ ಪ್ರಶ್ನೆ ಸಣ್ಣದು, ಉತ್ತರ ಮಾತ್ರ ಉದ್ದ. ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಓದಲೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಪೂರ್ವಿಕರ ಊರು ಗುಬ್ಬಿಯ ಸೀಮೆಯದು. ಅವ್ವನ ತೌರು ಕುಣಿಗಲ್ಲಿನ ಕಡೆ. ಸೋದರತ್ತೆಯನ್ನು ಕೊಟ್ಟದ್ದು ತುಮಕೂರು ಪಟ್ಟಣಕ್ಕೆ. ಹೀಗಾಗಿ ನಮ್ಮ ಕುಟುಂಬದ ಚಳಿಗಾಲವು ಈ ಮೂರು ಮೂಲೆಗಳ ನಡುವೆ ಸುತ್ತುತ್ತಿತ್ತು. ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಅಡಿಗೂ ಎತ್ತರದಲ್ಲಿರುವ ಬಯಲುಸೀಮೆ ನಮ್ಮದು. ಹಿಂಗಾರಿನ ಮೋಡಗಳು ನವೆಂಬರಿನಲ್ಲಿ ಹಿಂದೆ ಸರಿದ ಮೇಲೆ ಆಕಾಶ ತಿಳಿಯಾಗುತ್ತದೆ. ಮೋಡದ ಹೊದಿಕೆಯಿಲ್ಲದ ರಾತ್ರಿಯಲ್ಲಿ ನೆಲದ ಕಾವು ಬೇಗ ಆರಿಹೋಗಿ, ಬೆಳಗಿನ ಜಾವಕ್ಕೆ ಮಂಜು ಇಳಿಯುತ್ತದೆ. ಹತ್ತು ಗಂಟೆಯ ಹೊತ್ತಿಗೆ ಹಿತವಾದ ಬಿಸಿಲು. ಮಳೆಯ ಭಯವಿಲ್ಲ, ಬೇಸಗೆಯ ಝಳವಿಲ್ಲ. ಮನೆಯ ಹೊರಗೆ ಬದುಕಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಮತ್ತೊಂದಿಲ್ಲ. ನಮ್ಮ ರೈತರು ಸುಗ್ಗಿಯನ್ನೂ ಮಕ್ಕಳು ಆಟವನ್ನೂ ಈ ಕಾಲಕ್ಕೇ ಇಟ್ಟುಕೊಂಡದ್ದು ಆಕಸ್ಮಿಕವಲ್ಲ.

ಕಣ

ಮುಂಗಾರಿನಲ್ಲಿ ಬಿತ್ತಿದ ರಾಗಿಯು ಕಾರ್ತೀಕ ಮುಗಿಯುವ ವೇಳೆಗೆ ಕೊಯ್ಲಿಗೆ ಬರುತ್ತಿತ್ತು. ಕೊಯ್ದ ಹೊರೆಗಳನ್ನು ಒಟ್ಟಿ ಮೆದೆ ಹಾಕಿ, ಕೆಲವು ವಾರ ಬಿಟ್ಟು ಒಕ್ಕಣೆಗೆ ತೊಡಗುತ್ತಿದ್ದರು. ಅದಕ್ಕೆ ಮೊದಲು ಕಣ ಮಾಡಬೇಕು. ಹೊಲದಲ್ಲಿ ಗಟ್ಟಿ ನೆಲವನ್ನು ಆರಿಸಿ, ಕೆತ್ತಿ, ನೀರು ಚಿಮುಕಿಸಿ, ದನಗಳಿಂದ ತುಳಿಸಿ, ಸಗಣಿ ಬಗ್ಗಡದಿಂದ ಸಾರಿಸಿದರೆ ನಮ್ಮ ಪಡಸಾಲೆಗಿಂತ ನುಣುಪಾದ ಕಣ ಸಿದ್ಧವಾಗುತ್ತಿತ್ತು. ನಡುವೆ ಮೇಟಿಕಂಬ. ಹರಡಿದ ತೆನೆಯ ಮೇಲೆ ಎತ್ತುಗಳು ಕಲ್ಲಿನ ಗುಂಡನ್ನು ಎಳೆಯುತ್ತ ಸುತ್ತು ಬರುತ್ತಿದ್ದವು. ಎತ್ತಿನ ಹಿಂದೆ ಸುತ್ತುವ ಕೆಲಸ ಮಕ್ಕಳಿಗೆ ಆಟ, ದೊಡ್ಡವರಿಗೆ ಬಿಡುವು. ಹುಲ್ಲಿನ ರಾಶಿಯ ಮೇಲಿಂದ ಹಾರುವುದು ನಮಗೆ ಅತ್ಯಂತ ಪ್ರಿಯವಾದ ಸಾಹಸ. ಆಮೇಲೆ ಮೈಯೆಲ್ಲ ಸುಂಕು ಹತ್ತಿ ನವೆ. ಅವ್ವ ಬಿಸಿನೀರು ಹುಯ್ಯುವಾಗ ಬೈಗುಳವನ್ನೂ ಜೊತೆಗೇ ಹುಯ್ಯುತ್ತಿದ್ದಳು.

ತೂರುವುದಕ್ಕೆ ಗಾಳಿ ಬೇಕು. ಗಾಳಿ ಬರುವವರೆಗೆ ಕಾಯಬೇಕು. ಗಾಳಿ ಎಷ್ಟೋ ಸಲ ನಡುರಾತ್ರಿಯಲ್ಲಿ ಬೀಸುತ್ತಿತ್ತು. ಒಕ್ಕಿದ ರಾಶಿಗೆ ಕಾವಲೂ ಬೇಕು. ಈ ಎರಡು ಕಾರಣಗಳಿಂದ ಮನೆಮಂದಿಯೆಲ್ಲ ಸರದಿಯಲ್ಲಿ ಕಣದಲ್ಲೇ ಮಲಗುತ್ತಿದ್ದೆವು. ಅಡಿಯಲ್ಲಿ ರಾಗಿಹುಲ್ಲು, ಮೇಲೆ ಕುರುಬರು ನೇಯ್ದ ಕರಿಯ ಕಂಬಳಿ, ಅದರ ಮೇಲೆ ನಕ್ಷತ್ರಗಳು. ಚಿಕ್ಕಪ್ಪ ಕೃತ್ತಿಕೆಯ ಗುಂಪನ್ನೂ ಮೃಗಶಿರದ ಸಾಲನ್ನೂ ತೋರಿಸಿ, ಅವು ಎಲ್ಲಿಗೆ ಬಂದಾಗ ಎಷ್ಟು ಹೊತ್ತಾಯಿತೆಂದು ಹೇಳಿಕೊಡುತ್ತಿದ್ದರು. ನಾನು ಮುಂದೆ ಶಾಲೆಯಲ್ಲಿ ಖಗೋಳದ ಪಾಠ ಮಾಡುವಾಗ ಕಪ್ಪುಹಲಗೆಯ ಮೇಲೆ ಬಿಡಿಸಿದ ಚುಕ್ಕೆಗಳೆಲ್ಲ ಆ ಕಣದಿಂದ ತಂದವು.

ಚಳಿ ಕಾಯಿಸಲು ಕಣದಿಂದ ದೂರದಲ್ಲಿ ಬೆಂಕಿ ಹಾಕುತ್ತಿದ್ದರು. ಅದರ ಕೆಂಡದಲ್ಲಿ ಗೆಣಸು, ಕಡಲೆಕಾಯಿ, ಹಸಿ ಅವರೆಕಾಯಿ ಸುಡುವುದು ಮಕ್ಕಳ ಹಕ್ಕು. ಆದರೆ 'ದೂರದಲ್ಲಿ' ಎಂಬ ಮಾತು ಅಲ್ಲಿ ಶಾಸನದಂತೆ ಇತ್ತು. 1956ರ ಆ ಡಿಸೆಂಬರಿನಲ್ಲಿ, ದೊಡ್ಡವರು ನಿದ್ದೆಹೋದ ಮೇಲೆ, ನಾನೂ ನನ್ನ ದಾಯಾದಿ ಅಣ್ಣನೂ ಕೆಂಡವನ್ನು ಮಡಕೆಯ ಚೂರಿನಲ್ಲಿ ಹೊತ್ತು ತಂದು ಮೆದೆಯ ಮರೆಯಲ್ಲಿ ಇಟ್ಟುಕೊಂಡು ಅವರೆಕಾಯಿ ಸುಟ್ಟೆವು. ಮೆದೆಯ ಮರೆ ಗಾಳಿಯನ್ನು ತಡೆಯುತ್ತದೆಂಬುದು ನಮ್ಮ ಲೆಕ್ಕ. ಗಾಳಿ ದಿಕ್ಕು ಬದಲಿಸುತ್ತದೆಂಬುದು ನಮ್ಮ ಲೆಕ್ಕದಲ್ಲಿ ಇರಲಿಲ್ಲ. ಹಾರಿದ ಕಿಡಿಯೊಂದು ಹುಲ್ಲಿಗೆ ತಗುಲಿತು. ನಾನು ಕೂಗಿಕೊಂಡದ್ದು ನೆನಪಿದೆ. ಅಪ್ಪ ಮಲಗಿದ್ದಲ್ಲಿಂದ ಎದ್ದು, ಹೊದ್ದ ಕಂಬಳಿಯನ್ನೇ ಉರಿಯ ಮೇಲೆ ಹಾಕಿ ಅದರ ಮೇಲೆ ಬಿದ್ದು ಅದುಮಿದರು. ಚಿಕ್ಕಪ್ಪ ಕೊಡದ ನೀರು ತಂದರು. ಎರಡು ಹೊರೆ ಹುಲ್ಲು ಸುಟ್ಟಿತು, ಕಂಬಳಿ ಹೋಯಿತು, ಮೆದೆ ಉಳಿಯಿತು.

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಬಹುಶಃ ಮರೆತುಬಿಡುತ್ತಿದ್ದೆ. ಮರುದಿನ ಅಜ್ಜಿ ನಮ್ಮಿಬ್ಬರನ್ನೂ ಮುಂದೆ ಕೂರಿಸಿಕೊಂಡು ತನ್ನ ಅತ್ತೆ ಕಂಡಿದ್ದ ಧಾತು ಸಂವತ್ಸರದ ಬರದ ಕಥೆ ಹೇಳಿದಳು. ಅಂಬಲಿಗಾಗಿ ಗಂಜಿಕೇಂದ್ರಗಳಿಗೆ ನಡೆದು ಹೋದವರು, ದಾರಿಯಲ್ಲೇ ಉಳಿದವರು, ಬೀಜದ ರಾಗಿಯನ್ನೂ ತಿಂದು ಮುಗಿಸಿದ ಮನೆಗಳು. 'ಆ ಮೆದೆ ಏನು ಅಂತ ತಿಳ್ಕೊಂಡಿದ್ದೀಯಪ್ಪ? ಅದು ಹುಲ್ಲಲ್ಲ, ಮುಂದಿನ ಸುಗ್ಗಿಯವರೆಗಿನ ಉಸಿರು' ಎಂದಳು.

ಅಜ್ಜಿ ಹೇಳಿದ ಧಾತು ಸಂವತ್ಸರವೆಂದರೆ 1876-77. ಮೈಸೂರು ಸಂಸ್ಥಾನವನ್ನು 1876ರಿಂದ 1878ರವರೆಗೆ ಸುಟ್ಟ ಮಹಾಕ್ಷಾಮ ಅದು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಈ ಅಂಕಿಗಳನ್ನು ನಾನು ಪುಸ್ತಕದಲ್ಲಿ ಓದಿದ್ದು ಕಾಲೇಜಿಗೆ ಹೋದ ಮೇಲೆ. ಓದಿದಾಗ ನೆನಪಾದದ್ದು ಅಜ್ಜಿಯ ಮಾತು. ರಾಗಿಗೆ ಹುಳು ಬೇಗ ಹತ್ತುವುದಿಲ್ಲ. ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡದೆ ಇರುತ್ತದೆ. ಆದ್ದರಿಂದಲೇ ಹಗೇವು ತುಂಬುವ ದಿನ ನಮ್ಮಲ್ಲಿ ಹಬ್ಬ. ರಾಶಿಪೂಜೆ ಮಾಡಿ, ಕೊಳಗದಲ್ಲಿ ಅಳೆಯುವಾಗ ಮೊದಲನೆಯದನ್ನು 'ಒಂದು' ಎನ್ನದೆ 'ಲಾಭ' ಎನ್ನುತ್ತಿದ್ದರು. ದಾರಿಯಲ್ಲಿ ಹೋಗುವವರು 'ಹುಲುಸಾಗಲಿ' ಎಂದು ಹರಸುತ್ತಿದ್ದರು. ಕಣದ ರಾತ್ರಿಗಳ ಸಂಭ್ರಮವು ಬರಿಯ ಮೋಜಲ್ಲ, ಹಸಿವಿನ ನೆನಪಿನ ಮತ್ತೊಂದು ಮಗ್ಗುಲು ಎಂಬುದು ನನ್ನ ತಿಳಿವಳಿಕೆ.

ಅವರೆಕಾಯಿ

ಪುಷ್ಯಮಾಸದಲ್ಲಿ ನಮ್ಮ ಸೀಮೆಗೆ ಒಂದೇ ವಾಸನೆ, ಅದು ಸೊಗಡು ಅವರೆಯದು. ಮಂಜು ಬಿದ್ದಷ್ಟೂ ಸೊಗಡು ಹೆಚ್ಚು ಎನ್ನುತ್ತಿದ್ದರು. ರಾಗಿಯ ಹೊಲದಲ್ಲೇ ಅಕ್ಕಡಿ ಸಾಲಾಗಿ ಬಿತ್ತಿದ ಅವರೆಯು ರಾಗಿ ಕೊಯ್ದ ಮೇಲೆ ಹಬ್ಬಿ ಕಾಯಿ ಬಿಡುತ್ತಿತ್ತು. ಬೆಳಗಿನ ಜಾವ ಕುಕ್ಕೆ ಹಿಡಿದು ಹೊಲಕ್ಕೆ ಹೋದರೆ ಲಂಗ, ಚಡ್ಡಿಗಳೆಲ್ಲ ಇಬ್ಬನಿಯಲ್ಲಿ ತೊಯ್ದು ಮೊಣಕಾಲಿಗೆ ಅಂಟುತ್ತಿದ್ದವು. ಬೆರಳಿಗೆ ಹತ್ತಿದ ಸೊಗಡು ಸಂಜೆಯವರೆಗೂ ಹೋಗುತ್ತಿರಲಿಲ್ಲ. ತರಗತಿಯಲ್ಲಿ ಹಾಜರಿ ಕೂಗುವಾಗ, ಯಾರ ಮನೆಯಲ್ಲಿ ಅವರೆಕಾಯಿ ಸುಲಿದಿದ್ದಾರೆಂದು ಮೂಗಿನಿಂದಲೇ ಹೇಳುತ್ತಿದ್ದೆನೆಂಬುದು ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು.

ಹಿತಕಿದ ಬೇಳೆಯ ಸಾರು ಮಾಡಬೇಕಾದರೆ ಕಾಳನ್ನು ನೀರಿನಲ್ಲಿ ನೆನೆಸಿ, ಒಂದೊಂದನ್ನೂ ಬೆರಳಿನ ನಡುವೆ ಹಿತುಕಿ ಸಿಪ್ಪೆ ಬಿಡಿಸಬೇಕು. ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ಆದ್ದರಿಂದ ಜಗುಲಿಯ ಬಿಸಿಲಿನಲ್ಲಿ ದೊಡ್ಡ ತಪ್ಪಲೆಯ ಸುತ್ತ ಮನೆಮಂದಿಯೆಲ್ಲ ಕೂರಬೇಕಾಗುತ್ತಿತ್ತು. ಹಿತುಕಿದ ಬೇಳೆ ಎದುರಿನವರ ಕೆನ್ನೆಗೆ ಹಾರಿಸುವುದರಲ್ಲಿ ನನ್ನ ತಂಗಿಯನ್ನು ಮೀರಿಸಿದವರಿಲ್ಲ. ಮೊಮ್ಮಗಳು ಹಿಮದ ಉಂಡೆ ಎಸೆಯುವ ಚಿತ್ರ ನೋಡಿದಾಗ, ಇದು ಅಜ್ಜಿಯಿಂದ ಬಂದ ಗುರಿ ಎನ್ನಿಸಿತು.

ದುರ್ಗ

ಒಕ್ಕಣೆ ಮುಗಿದ ಮೇಲೆ ವರ್ಷಕ್ಕೊಮ್ಮೆ ದೇವರಾಯನದುರ್ಗದ ಪ್ರವಾಸ. ಗುಬ್ಬಿಯಲ್ಲಿ ರೈಲು ಹತ್ತಿ ತುಮಕೂರಿಗೆ ಹೋಗುತ್ತಿದ್ದೆವು. ಬೆಂಗಳೂರಿನಿಂದ ನಮ್ಮ ಕಡೆಗೆ 1880ರ ದಶಕದಲ್ಲೇ ಬಂದ ಈ ಮೀಟರ್‌ಗೇಜ್ ಹಳಿಯ ಕಥೆಯೂ ಕ್ಷಾಮದ ಕಾಲಕ್ಕೆ ಸೇರಿದ್ದು. ಧಾನ್ಯವಿದ್ದರೂ ಸಾಗಿಸುವ ದಾರಿಯಿಲ್ಲದೆ ಜನ ಸತ್ತದ್ದನ್ನು ಕಂಡ ಮೇಲೆ ಸಂಸ್ಥಾನದ ಆಡಳಿತವು ರೈಲಿಗೆ ಹೆಚ್ಚು ಗಮನ ಕೊಟ್ಟಿತು. ನಮಗೆ ಮಾತ್ರ ಅದು ಕಿಟಕಿಯ ಪಕ್ಕದ ಜಾಗಕ್ಕಾಗಿ ಜಗಳವಾಡುವ ಸ್ಥಳವಾಗಿತ್ತು. ಅಂದು ರಾತ್ರಿ ಅತ್ತೆಯ ಮನೆಯಲ್ಲಿ ತಂಗಿ, ನಸುಕಿನಲ್ಲೇ ಎತ್ತಿನ ಗಾಡಿಯಲ್ಲಿ ಹೊರಡುತ್ತಿದ್ದೆವು. ಚಿಕ್ಕವರು ಗಾಡಿಯಲ್ಲಿ, ದೊಡ್ಡವರು ನಡೆದು.

ದಾರಿಯಲ್ಲಿ ನಾಮದ ಚಿಲುಮೆ. ಶ್ರೀರಾಮನು ನಾಮವಿಟ್ಟುಕೊಳ್ಳಲು ನೀರಿಲ್ಲದೆ ಬಂಡೆಗೆ ಬಾಣ ಹೊಡೆದಾಗ ಚಿಮ್ಮಿದ ಬುಗ್ಗೆ ಅದೆಂದು ಸ್ಥಳಪುರಾಣ. ದುರ್ಗದ ಹಳೆಯ ಹೆಸರುಗಳಲ್ಲಿ ಆನೆಬಿದ್ದಸರಿ, ಜಡಕನದುರ್ಗ ಎಂಬವು ಪ್ರಸಿದ್ಧ. 1673ರಿಂದ 1704ರವರೆಗೆ ಆಳಿದ ಮೈಸೂರಿನ ಚಿಕ್ಕದೇವರಾಜ ಒಡೆಯರು ಅದನ್ನು ಗೆದ್ದ ಮೇಲೆ ದೇವರಾಯನದುರ್ಗವೆಂದಾಯಿತು. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಬೆಟ್ಟದ ಎತ್ತರ ಸುಮಾರು 3,900 ಅಡಿ. ಜಯಮಂಗಲಿ ಇಲ್ಲಿ ಹುಟ್ಟಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷೆಯೂ ಇದೇ ಬೆಟ್ಟದ ಸೀಮೆಯಲ್ಲಿ ಹುಟ್ಟಿ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಒಂದೇ ಬೆಟ್ಟದ ನೀರು ಎರಡು ದಿಕ್ಕಿಗೆ ಹರಿದುಹೋಗುವುದನ್ನು ಅಪ್ಪ ಬಂಡೆಯ ಮೇಲೆ ನಿಂತು ಕೈಯಾಡಿಸಿ ತೋರಿಸುತ್ತಿದ್ದರು. ಭೂಗೋಳದ ಅಂಥ ಪಾಠವನ್ನು ನಾನು ಯಾವ ತರಗತಿಯಲ್ಲೂ ಮಾಡಲಾರದೆ ಹೋದೆ.

ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು 1930ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗೆ ಬಂದಾಗ ನಾಮದ ಚಿಲುಮೆಯಲ್ಲಿ ತಂಗಿದ್ದರೆಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಮಾತ್ರ ಕಾಣುವ ಹಳದಿ ಕೊರಳಿನ ಪಿಕಳಾರ ಈ ದುರ್ಗದ ನಿವಾಸಿ. ನಾವು ಚಿತ್ರಾನ್ನ ತಿನ್ನುತ್ತ ಕೂತಿದ್ದ ಪೊದೆಗಳಲ್ಲಿ ಕೂಗುತ್ತಿದ್ದ ಹಕ್ಕಿಗಳಲ್ಲಿ ಅದೂ ಇದ್ದಿರಬೇಕು. ನೋಡಲು ಕಲಿಸುವವರಿಲ್ಲದಿದ್ದರೆ ಕಣ್ಣೆದುರಿನದೂ ಕಾಣುವುದಿಲ್ಲ.

ಹಾಗೆ ನಮಗೆ ಕಾಣದೆಹೋದ ಮತ್ತೊಂದು ಸಂಗತಿಯಿದೆ. ಅಪ್ಪನ ಪುಸ್ತಕದಲ್ಲಿ ಪ್ರತಿ ವರ್ಷವೂ 'ದುರ್ಗಕ್ಕೆ ಹೋಗಿಬಂದ ಖರ್ಚು' ಎಂಬ ಬಾಬು ಉಂಟು. ಗಾಡಿಯ ಬಾಡಿಗೆ, ತೆಂಗಿನಕಾಯಿ, ಕರ್ಪೂರ ಎಲ್ಲವೂ ಉಂಟು. ಅವ್ವ ಕೋಳಿ ಕೂಗುವ ಮೊದಲೇ ಎದ್ದು ಹತ್ತಾರು ಜನಕ್ಕೆ ಬುತ್ತಿ ಕಟ್ಟಿದ್ದು ಇಲ್ಲ, ಅದಕ್ಕೆ ಖರ್ಚು ಬೀಳಲಿಲ್ಲವಲ್ಲ! ಚಿಲುಮೆಯ ಬಳಿ ಪಾತ್ರೆಪರಡಿಗಳನ್ನೂ ಹಸುಗೂಸುಗಳನ್ನೂ ನೋಡಿಕೊಳ್ಳಲು ಯಾರಾದರೂ ಉಳಿಯಬೇಕು. ಪ್ರತಿ ವರ್ಷವೂ ಉಳಿದವಳು ಅವ್ವ. ನಾವು ಬೆಟ್ಟ ಹತ್ತಿ ಇಳಿದು ಬಂದು, ಕಂಡದ್ದನ್ನೆಲ್ಲ ಅವಳಿಗೆ ಹೇಳುತ್ತ ಮೊಸರನ್ನ ತಿನ್ನುತ್ತಿದ್ದೆವು. ಅವಳು ನಗುತ್ತ ಕೇಳುತ್ತಿದ್ದಳು. 'ನೀನೂ ಬಾ' ಎಂದು ನಾನು ಒಮ್ಮೆಯೂ ಕರೆದ ನೆನಪಿಲ್ಲ.

ಅವಳಿಗೆ ಎಪ್ಪತ್ತು ದಾಟಿದ ಮೇಲೆ, ನನಗೂ ಮಕ್ಕಳಾಗಿ ಬುದ್ಧಿ ಬಂದ ಮೇಲೆ, ಒಂದು ಧನುರ್ಮಾಸದಲ್ಲಿ ಅವಳನ್ನು ಕಾರಿನಲ್ಲಿ ಬೆಟ್ಟದ ಮೇಲಿನವರೆಗೆ ಕರೆದೊಯ್ದು, ಅಲ್ಲಿಂದ ಮೆಟ್ಟಿಲುಗಳನ್ನು ಕೈಹಿಡಿದು ಹತ್ತಿಸಿದೆ. ಮಂಜು ಸರಿದಿತ್ತು. ದೇವರಿಗೆ ಕೈಮುಗಿದು ಹೊರಗೆ ಬಂದು ಬಹಳ ಹೊತ್ತು ನಿಂತಿದ್ದವಳು ಕೇಳಿದ್ದು ಒಂದೇ ಮಾತು: 'ಕುಣಿಗಲ್ ಯಾವ ಕಡೆಗಪ್ಪ?' ದಕ್ಷಿಣಕ್ಕೆ ಕೈತೋರಿಸಿದೆ.

ಕೆರೆ ಮತ್ತು ನಾಟಕ

ಅವ್ವನ ತೌರಿಗೆ ನಾವು ಹೋಗುತ್ತಿದ್ದುದು ಬಸ್ಸಿನಲ್ಲಿ. ಬೆಂಗಳೂರು-ಹಾಸನ ರೈಲುಮಾರ್ಗ 2017ರಲ್ಲಿ ಪೂರ್ಣಗೊಳ್ಳುವವರೆಗೆ ಕುಣಿಗಲ್ಲಿನ ಮೂಲಕ ಹಾಸನಕ್ಕೆ ರೈಲು ಇರಲಿಲ್ಲ. ಹಿಂಗಾರು ಚೆನ್ನಾಗಿ ಆದ ವರ್ಷ ದೊಡ್ಡಕೆರೆ ತುಂಬಿ, ಚಳಿಗಾಲದ ಮುಂಜಾನೆ ನೀರಿನ ಮೇಲೆ ಹೊಗೆಯಂತೆ ಆವಿ ಏಳುತ್ತಿತ್ತು. ಈ ಕೆರೆಯನ್ನು ಕೊಂಡಾಡುವ ಜನಪದ ಗೀತೆಯನ್ನು ಕೇಳದ ಕನ್ನಡಿಗರು ವಿರಳ. ಆ ಹಾಡನ್ನು ಕೆರೆಯ ಏರಿಯ ಮೇಲೆ ನಡೆಯುತ್ತ ಅವ್ವನ ಬಾಯಲ್ಲಿ ಕೇಳಿದ ಭಾಗ್ಯ ನನ್ನದು. ನಮ್ಮೂರಿನಲ್ಲಿ ತಲೆಯೆತ್ತದ ಅವ್ವ ತೌರಿನ ಏರಿಯ ಮೇಲೆ ದೊಡ್ಡ ಗಂಟಲಿನಲ್ಲಿ ಹಾಡುತ್ತಿದ್ದಳು.

ಸೋದರಮಾವ ನಮ್ಮನ್ನು ಕುದುರೆ ಫಾರಂನ ಬೇಲಿಯ ಬಳಿಗೆ ಕರೆದೊಯ್ಯುತ್ತಿದ್ದರು. ಟಿಪ್ಪುವಿನ ಕಾಲದ ಸೈನ್ಯದ ಕುದುರೆಗಳವರೆಗೆ ತನ್ನ ಪರಂಪರೆಯನ್ನು ಹೇಳಿಕೊಳ್ಳುವ ಸ್ಥಳವದು. ಚಳಿಯಲ್ಲಿ ಮರಿಗಳು ತಾಯಿಯ ಸುತ್ತ ಓಡುತ್ತ, ಮೂಗಿನಿಂದ ಆವಿ ಬಿಡುತ್ತಿದ್ದುದನ್ನು ಕಂಡು, ನಾವೂ ಬಾಯಿಂದ ಆವಿ ಬಿಡುತ್ತ ಮನೆಯವರೆಗೆ ಓಡುತ್ತಿದ್ದೆವು. ಮತ್ತೊಂದು ದಿನ ಎಡೆಯೂರಿನ ದರ್ಶನ ಮುಗಿಸಿ ಮಾರ್ಕೋನಹಳ್ಳಿ ಜಲಾಶಯ. ನೀರು ಮಟ್ಟ ಮೀರಿದಾಗ ತಾನಾಗಿಯೇ ಹೊರಹರಿಯುವ ಅದರ ಸೈಫನ್ ಏರ್ಪಾಡನ್ನು ಮಾವ ವರ್ಣಿಸುತ್ತಿದ್ದರು. ಅಲ್ಲಿ ತಡೆದು ನಿಲ್ಲಿಸಿರುವುದು ಶಿಂಷೆಯ ನೀರು. ಅವ್ವ ಹತ್ತದೆ ಉಳಿದ ಬೆಟ್ಟದ ಸೀಮೆಯಿಂದಲೇ ಅವಳ ತೌರಿಗೆ ನೀರು ಬರುತ್ತಿತ್ತೆಂದು ನನಗೆ ಹೊಳೆದದ್ದು ಈ ಬರಹಕ್ಕೆ ಕೂತಾಗ.

ಸುಗ್ಗಿ ಮುಗಿದ ಮೇಲೆ ನಾಟಕಗಳ ಕಾಲ. ಮಳೆಯಿಲ್ಲದ ರಾತ್ರಿ, ಕೈಯಲ್ಲಿ ನಾಲ್ಕು ಕಾಸು, ಖಾಲಿಯಾದ ಕಣ. ಇವು ಮೂರೂ ಒದಗುವುದು ಆಗಲೇ. ಗುಬ್ಬಿಯ ಹೆಸರನ್ನು ನಾಡಿಗೆಲ್ಲ ಹರಡಿದ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಅದನ್ನು ಕೀರ್ತಿಶಿಖರಕ್ಕೇರಿಸಿದ ಗುಬ್ಬಿ ವೀರಣ್ಣನವರ ಕಾಲ 1891ರಿಂದ 1972. 'ಕುರುಕ್ಷೇತ್ರ'ದಲ್ಲಿ ಜೀವಂತ ಆನೆ, ಕುದುರೆಗಳನ್ನು ರಂಗಕ್ಕೆ ತಂದ ಕಂಪನಿಯದು. ಅದರ ಪ್ರಭಾವವೋ ಏನೋ, ನಮ್ಮ ಸೀಮೆಯ ಹಳ್ಳಿಹಳ್ಳಿಯಲ್ಲೂ ರೈತರೇ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಕಲಿತು, ಬೆಳತನಕ ಪೌರಾಣಿಕ ನಾಟಕ ಆಡುತ್ತಿದ್ದರು, ಈಗಲೂ ಆಡುತ್ತಾರೆ. ಹಗಲು ನಮ್ಮ ಎತ್ತು ಹೊಡೆಯುತ್ತಿದ್ದವನು ರಾತ್ರಿ ದುರ್ಯೋಧನನಾಗಿ ಕಿರೀಟವಿಟ್ಟು ಬಂದಾಗ, ಕಂಬಳಿಯೊಳಗೆ ಮುದುಡಿ ಕುಳಿತ ನಾವು ನಿಜವಾಗಿ ಹೆದರುತ್ತಿದ್ದೆವು. ಅಪ್ಪನೂ ಅವನ ಎದುರು ನೆಲದ ಮೇಲೆ ಕುಳಿತು ನೋಡುತ್ತಿದ್ದರು. ವರ್ಷದ ಉಳಿದ ದಿನಗಳಲ್ಲಿ ಅವನು ನಮ್ಮ ಜಗುಲಿಯ ಮೇಲೆ ಕೂರುತ್ತಿರಲಿಲ್ಲ ಎಂಬುದನ್ನೂ ಇಲ್ಲಿ ಬರೆಯದೆ ಹೋದರೆ ಇತಿಹಾಸ ಬರೆದಂತಾಗುವುದಿಲ್ಲ.

ಸಂಕ್ರಾಂತಿಗೆ ಎಳ್ಳು ಬೀರಿ, ಸಂಜೆ ದನಗಳಿಗೆ ಕಿಚ್ಚು ಹಾಯಿಸಿದರೆ ಚಳಿಯ ಬಲ ಕುಂದಿತೆಂದು ಅರ್ಥ. ಸಿದ್ಧಗಂಗೆಯ ಶಿವರಾತ್ರಿ ಜಾತ್ರೆಗೆ ಹೋಗಿ ದನಗಳ ಸಾಲು ನೋಡಿ ಬಂದರೆ ಆ ವರ್ಷದ ನಮ್ಮ ಚಳಿಗಾಲ ಮುಗಿಯಿತು.

ಈಗ

ಈಗ ಕಣವಿಲ್ಲ. ರಾಗಿಯನ್ನು ಯಂತ್ರ ಒಕ್ಕುತ್ತದೆ, ಇಲ್ಲವೇ ಡಾಂಬರು ರಸ್ತೆಯ ಮೇಲೆ ಹರಡಿದ ತೆನೆಯನ್ನು ಹೋಗಿಬರುವ ವಾಹನಗಳು ಒಕ್ಕುತ್ತವೆ. ಅದರಿಂದ ಎಷ್ಟೋ ದ್ವಿಚಕ್ರ ವಾಹನಗಳು ಜಾರಿ ಬೀಳುವುದೂ ಉಂಟು. ಕೊಳವೆಬಾವಿ ಬಂದ ಮೇಲೆ ರಾಗಿಯ ಹೊಲಗಳೆಷ್ಟೋ ತೆಂಗು, ಅಡಿಕೆಯ ತೋಟಗಳಾದವು. ನೀರಿಗಾಗಿ ಹೇಮಾವತಿಯ ನಾಲೆಯತ್ತ ನೋಡುವ ಜಿಲ್ಲೆಯಾಯಿತು ನಮ್ಮದು. ಇದನ್ನು ಗೋಳಾಗಿ ಹೇಳುತ್ತಿಲ್ಲ. ಹಗೇವು ಬೇಡವಾಯಿತೆಂದರೆ ಧಾತು ಸಂವತ್ಸರದ ಭಯವೂ ದೂರವಾಯಿತೆಂದೇ ಅರ್ಥ. ಗುಂಡಿನ ಹಿಂದೆ ಸುತ್ತುತ್ತಿದ್ದ ಆಳುಮಕ್ಕಳ ಮಕ್ಕಳು ಶಾಲೆಗೆ ಬಂದು ನನ್ನ ಮುಂದೆ ಕುಳಿತರು. ಅವರಲ್ಲಿ ಕೆಲವರು ಇದನ್ನು ಓದುತ್ತಿದ್ದಾರೆ. ಆ ಬದಲಾವಣೆಗೆ ಪ್ರತಿಯಾಗಿ ನನ್ನ ಬಾಲ್ಯದ ಎಲ್ಲ ಕಣಗಳನ್ನೂ ಕೊಡಲು ಸಿದ್ಧನಿದ್ದೇನೆ.

ನನ್ನ ಕೋರಿಕೆ ಒಂದೇ. ನಿಮ್ಮ ಮನೆಗಳಲ್ಲೂ ಇಂಥ ಖರ್ಚಿನ ಪುಸ್ತಕಗಳಿರಬಹುದು. ಇದ್ದರೆ ಎಸೆಯಬೇಡಿ. ಅದರಲ್ಲಿ ಬರೆದಿರುವುದನ್ನು ಓದಿ, ಬರೆಯದೆ ಬಿಟ್ಟದ್ದನ್ನು ಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಅವರ ಬಳಿ ಕುಳಿತು ಕೇಳಿ. ತಾಯಂದಿರನ್ನು ಮೊದಲು ಕೇಳಿ. ನಾನಂತೂ ಅಪ್ಪನ ಪುಸ್ತಕದ ಆ ಪುಟದಲ್ಲಿ, 'ಕಂಬಳಿ - 1' ಎಂಬುದರ ಎದುರು, ಪೆನ್ಸಿಲಿನಲ್ಲಿ ಸಣ್ಣದಾಗಿ 'ನನ್ನಿಂದ ಸುಟ್ಟದ್ದು' ಎಂದು ಬರೆದು ಪುಸ್ತಕವನ್ನು ಮತ್ತೆ ಟ್ರಂಕಿನಲ್ಲಿ ಇಟ್ಟಿದ್ದೇನೆ.